ಕಿವಿಯಮ್ಮನಿಗೆ ಹೇಳಿದ್ದು

ಜನವರಿ ೯

ಅಕ್ಕನಿಗೆ,

ಹೋದ ಪತ್ರದಲ್ಲಿ ಎಲ್ಲ ಸರಿಯಾಗಿದೆ ಎಂದು ಬರೆದಿದ್ದೆ. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಕಿವಿಗೆ ಅರ್ಧ ತಲುಪುವುದಿಲ್ಲ, ನಾನು ಕೂಗಿದರೆ ಇಡೀ ಓಣಿಗೆ ತಲುಪುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ. ಓದಿ ಮುಗಿಸುವವರೆಗೆ ಕೋಪ ಮಾಡಿಕೊಳ್ಳಬೇಡ.

ನವೆಂಬರಿನಲ್ಲಿ ಒಂದು ಸಂಜೆ, ಮಾರುಕಟ್ಟೆಯ ಪಕ್ಕ ನಾಲ್ಕು ರಸ್ತೆ ಕೂಡುವಲ್ಲಿ, ಶಾಲೆಯ ಹುಡುಗಿಯೊಬ್ಬಳು ನನ್ನ ಬಸ್ಸಿನ ಮುಂದೆ ಓಡಿದಳು. ಬ್ರೇಕ್ ಒತ್ತಿದೆ. ಬಸ್ಸು ನಿಂತಿತು. ಅವಳಿಗೆ ಗಾಳಿ ಕೂಡ ತಾಗಲಿಲ್ಲ. ತಿರುಗಿಯೂ ನೋಡದೆ ದಾಟಿ ಹೋದಳು. ಏನೂ ಆಗಲಿಲ್ಲ ಅಕ್ಕಾ. ಆದರೆ ಮಾರನೆಯ ದಿನದಿಂದ ಆ ಜಾಗ ಹತ್ತಿರ ಬರುತ್ತಿದ್ದಂತೆ ಎದೆ ಡವಡವ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಬಸ್ಸನ್ನು ನಡುರಸ್ತೆಯಲ್ಲೇ ನಿಲ್ಲಿಸಿಬಿಟ್ಟೆ. ಕೈ ಸ್ಟೇರಿಂಗಿಗೆ ಅಂಟಿಕೊಂಡುಬಿಟ್ಟಿತ್ತು. ಈಗಲೇ ಸತ್ತುಹೋಗುತ್ತೇನೆ ಅನಿಸಿತು. ಹಿಂದೆ ಹಾರನ್ನುಗಳು, ಒಳಗೆ ಪ್ರಯಾಣಿಕರ ಬೈಗುಳ. ನಮ್ಮ ಕಂಡಕ್ಟರ್, ಬಾಯಿ ಮುಚ್ಚದ್ದಕ್ಕೆ ಡಿಪೋದವರೆಲ್ಲ ರೇಡಿಯೊ ಎಂದು ಕರೆಯುತ್ತಾರಲ್ಲ, ಅವನೇ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. "ಬಿಡಣ್ಣಾ, ನೀನು ಹಿಡ್ಕೊಳ್ದೆ ಇದ್ರೆ ಬಸ್ಸೇನು ಓಡಿಹೋಗಲ್ಲ" ಎಂದ.

ಆಸ್ಪತ್ರೆಯಲ್ಲಿ ಹೃದಯ ನೋಡಿದರು. ಗಟ್ಟಿಯಾಗಿದೆಯಂತೆ. ಇದು ಆತಂಕದ ಕಾಯಿಲೆ, ಜೊತೆಗೆ ಖಿನ್ನತೆಯೂ ಸ್ವಲ್ಪ ಸೇರಿಕೊಂಡಿದೆ ಎಂದರು ಡಾಕ್ಟರು. ಮೊದಲು ಮಾತಿನ ಚಿಕಿತ್ಸೆ ಮಾಡಿಸೋಣ, ಅಗತ್ಯ ಬಿದ್ದರೆ ಮಾತ್ರೆ ಎಂದು ಒಬ್ಬ ಆಪ್ತಸಮಾಲೋಚಕರ ಹತ್ತಿರ ಕಳಿಸಿದ್ದಾರೆ. ಹೆಂಗಸು, ನನಗಿಂತ ಚಿಕ್ಕವರು. ವಾರಕ್ಕೊಮ್ಮೆ ಹೋಗಿ ಮಾತಾಡಿ ಬರುತ್ತೇನೆ. ಸದ್ಯಕ್ಕೆ ಬಸ್ಸು ಓಡಿಸುತ್ತಿಲ್ಲ.

ಗಾಬರಿಯಾಗಬೇಡ. ನಿನ್ನ ಮಂಡಿನೋವು ಹೇಗಿದೆ?

ಮರಿ

———

ಜನವರಿ ೧೪

ಮರೀ,

ಕೋಪ ಮಾಡಿಕೊಂಡಿಲ್ಲ. ಕನ್ನಡಕ ಒರೆಸಿಕೊಂಡು ಎರಡನೆಯ ಸಲ ಓದಿದೆ, ಅಷ್ಟೇ.

ನವೆಂಬರಿನಲ್ಲಿ ಆದದ್ದು ನನಗೆ ಜನವರಿಯಲ್ಲಿ ತಿಳಿಯಿತು. ಮೊದಲು ಕಂಡಕ್ಟರನಿಗೆ, ಆಮೇಲೆ ಹೆಂಡತಿಗೆ, ಆಮೇಲೆ ಡಾಕ್ಟರಿಗೆ, ಆಮೇಲೆ ಎಲ್ಲಿಂದಲೋ ಬಂದು ಕುರ್ಚಿ ಹಾಕಿಕೊಂಡು ಕೂತ ಒಬ್ಬ ಹೆಂಗಸಿಗೆ. ಎಲ್ಲರದೂ ಮುಗಿದು ಏನಾದರೂ ಉಳಿದಿದ್ದರೆ ಅಕ್ಕನಿಗೆ. ಅಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಗೋಡೆ ನೋಡುತ್ತ ಮಲಗಿದ್ದ ಆ ವರ್ಷಗಳಲ್ಲಿ ನಿನಗೆ ಬೂಟಿನ ದಾರ ಕಟ್ಟಿದವಳು ನಾನು. ಮೊದಲ ಹಲ್ಲು ಬಿದ್ದಾಗ ಅದನ್ನು ಅಂಗೈಯಲ್ಲಿಟ್ಟುಕೊಂಡು ಓಡಿ ಬಂದದ್ದು ನನ್ನ ಹತ್ತಿರ. ಡ್ರೈವಿಂಗ್ ಪರೀಕ್ಷೆಯಲ್ಲಿ ಫೇಲಾದಾಗ ಹೇಳಿಕೊಂಡದ್ದು ನನ್ನ ಹತ್ತಿರ. ಆ ಪರೀಕ್ಷಕನ ಮೇಲೆ ದೂರು ಬರೆದು ಮತ್ತೊಮ್ಮೆ ಪರೀಕ್ಷೆ ಕೊಡಿಸಿದವಳು ಯಾರು? ನಿನ್ನ ಕಿವಿಯಮ್ಮನೇ?

ಹೌದು, ಹಾಗೇ ಕರೆಯುತ್ತೇನೆ. ಕಿವಿ ಕೊಡುವುದೊಂದು ಉದ್ಯೋಗವಾದ ಮೇಲೆ ಬೇರೇನೆಂದು ಕರೆಯಬೇಕು? ನಾನು ಗ್ರಂಥಾಲಯದ ಕೌಂಟರಿನಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವಳು. ಪುಸ್ತಕ ವಾಪಸು ಕೊಡುವ ನೆಪದಲ್ಲಿ ಜನ ನನ್ನ ಮುಂದೆ ತೋಡಿಕೊಂಡದ್ದಕ್ಕೆ ಲೆಕ್ಕವಿಲ್ಲ. ಗಂಡ ಬಿಟ್ಟವಳು, ಕೆಲಸ ಹೋದವನು, ಮಗ ಮಾತು ಬಿಟ್ಟ ಮುದುಕ. ಅದಕ್ಕೆ ಯಾರೂ ಚಿಕಿತ್ಸೆ ಎಂದು ಬೋರ್ಡು ಹಾಕಿರಲಿಲ್ಲ. ನಗರಸಭೆಯವರು ಓದುವ ಕೋಣೆಯನ್ನು ಮುಚ್ಚಿ ಕಾರು ನಿಲ್ಲಿಸುವ ಜಾಗ ಮಾಡಿದಾಗ, ಅಲ್ಲಿ ಪೇಪರು ಹಿಡಿದುಕೊಂಡು ಹರಟುತ್ತಿದ್ದವರೆಲ್ಲ ಎಲ್ಲಿಗೆ ಹೋಗಬೇಕು ಎಂದು ನಾನೊಬ್ಬಳೇ ಬರೆದು ಕೇಳಿದೆ. ಉತ್ತರ ಬರಲಿಲ್ಲ. ಈಗ ಗೊತ್ತಾಗುತ್ತಿದೆ, ಅವರನ್ನೆಲ್ಲ ಒಬ್ಬೊಬ್ಬರನ್ನಾಗಿ ಬಾಗಿಲು ಮುಚ್ಚಿದ ಕೋಣೆಗಳಿಗೆ ಕಳಿಸುತ್ತಿದ್ದಾರೆ. ಒಂದು ಊರಿಗೆ ಊರೇ ಕೂತು ಮಾತಾಡುವ ಜಾಗಗಳನ್ನು ಕಿತ್ತುಕೊಳ್ಳುವುದು, ಆಮೇಲೆ ಮಾತಿಗೆ ಚೀಟಿ ಬರೆದುಕೊಡುವುದು. ಇದಕ್ಕೆ ವಿಜ್ಞಾನ ಎಂದು ಹೆಸರು.

ಏನೂ ಆಗಲಿಲ್ಲ ಎಂದು ನೀನೇ ಬರೆದಿದ್ದೀಯ. ಏನೂ ಆಗದ್ದಕ್ಕೆ ಏನು ಚಿಕಿತ್ಸೆ? ರಜೆ ಹಾಕಿ ಇಲ್ಲಿಗೆ ಬಾ. ಮೇಲಿನ ಕೋಣೆ ಖಾಲಿ ಇದೆ. ನಾನು ಕೇಳಿಸಿಕೊಳ್ಳುತ್ತೇನೆ. ಎಡಗಿವಿ ಇನ್ನೂ ಚೆನ್ನಾಗಿದೆ.

ಅಕ್ಕ

———

ಜನವರಿ ೨೭

ಅಕ್ಕನಿಗೆ,

ನಿನ್ನ ಪತ್ರ ಓದಿ ನನ್ನ ಹೆಂಡತಿ ನಕ್ಕಳು. "ನಿಮ್ಮಕ್ಕನ ಪಟ್ಟೀಲಿ ನಾನು ಎರಡನೇ ನಂಬರಲ್ಲಿ ಇದೀನಿ, ಪರವಾಗಿಲ್ಲ, ಆ ಮೇಡಂ ಬಂದ್ಮೇಲೆ ನನ್ ಮೇಲಿನ ಸಿಟ್ಟು ಸ್ವಲ್ಪ ಇಳೀಬಹುದು" ಎಂದಳು. ತಮಾಷೆಗೆ, ಬೇಜಾರು ಮಾಡಿಕೊಳ್ಳಬೇಡ.

ಈಗ ಬರಲಾಗುವುದಿಲ್ಲ. ನಡುವೆ ಬಿಟ್ಟರೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಅಲ್ಲಿ ಏನು ಮಾಡುತ್ತಾರೆ ಎಂದು ನಿನಗೆ ಅನುಮಾನ. ಹೇಳುತ್ತೇನೆ, ಕೇಳು. ಕನ್ನಡಕದ ಅಂಗಡಿಯ ಮೇಲಿನ ಮಹಡಿ. ಎರಡು ಕುರ್ಚಿ, ಎದುರುಬದುರಲ್ಲ, ಸ್ವಲ್ಪ ಓರೆಯಾಗಿ. ಕಿಟಕಿ ನೋಡಬೇಕೆನಿಸಿದರೆ ಕಿಟಕಿ ನೋಡಬಹುದು. ಗಡಿಯಾರ ಅವರಿಗೆ ಕಾಣುವ ಹಾಗಿದೆ, ನನಗೆ ಕಾಣುವುದಿಲ್ಲ. ಮೊದಲ ದಿನ ನಾನು, ಹುಡುಗಿ ಅಡ್ಡ ಬಂದದ್ದನ್ನು ವರದಿ ಒಪ್ಪಿಸುವ ಹಾಗೆ ಹೇಳಿ ಮುಗಿಸಿದೆ. ಅವರು, "ಈಗ ಇಲ್ಲಿ ಕೂತು ಆ ಜಾಗ ನೆನೆಸ್ಕೊಂಡ್ರೆ ಮೈಯಲ್ಲಿ ಏನಾಗ್ತಿದೆ?" ಎಂದು ಕೇಳಿದರು. "ಏನೂ ಆಗ್ತಿಲ್ಲ ಮೇಡಂ" ಎಂದೆ. "ಹಾಗಾದ್ರೆ ನಿಮ್ಮ ಬಲಗಾಲು ಯಾಕೆ ನೆಲ ಒತ್ತುತಾ ಇದೆ?" ನೋಡಿಕೊಂಡರೆ ಹೌದು. ಜಮಖಾನದ ಮೇಲೆ ಬ್ರೇಕು ಒತ್ತಿಕೊಂಡು ಕೂತಿದ್ದೆ. ಎರಡು ತಿಂಗಳಿಂದ ಊಟಕ್ಕೆ ಕೂತಾಗಲೂ, ಮಲಗಿದಾಗಲೂ ಒತ್ತುತ್ತಲೇ ಇದ್ದೇನೆ ಅನ್ನುವುದು ಆಗ ತಿಳಿಯಿತು.

ಮನೆಗೆಲಸವನ್ನೂ ಕೊಡುತ್ತಾರೆ, ಶಾಲೆಯ ಹಾಗೆ. ಡಿಪೋದಲ್ಲಿ ನಿಂತ ಬಸ್ಸಿನಲ್ಲಿ, ಇಂಜಿನ್ ಆಫ್ ಮಾಡಿಕೊಂಡು, ಡ್ರೈವರ್ ಸೀಟಿನಲ್ಲಿ ಸುಮ್ಮನೆ ಕೂರಬೇಕು. ಹೆದರಿಕೆ ಬಂದರೆ ಬರಲಿ, ಇಳಿದು ಓಡಬಾರದು, ಅದು ತಾನಾಗಿ ಇಳಿಯುವವರೆಗೆ ಕೂತಿರಬೇಕು. ನಿನ್ನೆ ಕೂತಿದ್ದಾಗ ರೇಡಿಯೊ ಹತ್ತಿದ. "ಎಲ್ಲಿಗಣ್ಣಾ?" "ಎಲ್ಲಿಗೂ ಇಲ್ಲ ಕಣೋ." "ಒನ್ ವೇನಾ, ರಿಟರ್ನಾ?" ನಗು ಬಂತು. ನಕ್ಕ ಮೇಲೆ ನೋಡಿದರೆ ಅಂಗೈ ಒಣಗಿತ್ತು.

ಮರಿ

———

ಫೆಬ್ರವರಿ ೧

ಮರೀ,

ನಿನ್ನ ಬಲಗಾಲನ್ನು ಅವಳು ಕಂಡುಹಿಡಿದಳಂತೆ! ಚಿಕ್ಕಂದಿನಲ್ಲಿ ಕೂತಲ್ಲೆಲ್ಲ ನೀನು ಕಾಲು ಒತ್ತುತ್ತಿದ್ದೆ. ಮೇಜಿನ ಕೆಳಗೆ ನಾನು ಅದರ ಮೇಲೆ ನನ್ನ ಕಾಲಿಟ್ಟು ನಿಲ್ಲಿಸುತ್ತಿದ್ದೆ. ನಿನಗೆ ಮರೆತಿರಬಹುದು, ನನಗೆ ಮರೆತಿಲ್ಲ. ನನಗೆ ಯಾವುದೂ ಮರೆಯುವುದಿಲ್ಲ, ಅದೇ ನನ್ನ ಕಷ್ಟ. ಆದರೆ ನೀನು ಮಾತ್ರ ಆ ಕಾಲಿನ ವಿಷಯ ಈಗ ಹೊಸದಾಗಿ ಗೊತ್ತಾದ ಹಾಗೆ ಬರೆಯುತ್ತೀಯ.

ಈ ಚಿಕಿತ್ಸೆಯ ಮೇಲಿನ ಪುಸ್ತಕಗಳನ್ನು ತರಿಸಿ ಓದಿದೆ. ನನ್ನ ಜಾಗಕ್ಕೆ ಬಂದ ಹುಡುಗಿ ಹುಡುಕಿ ಕೊಟ್ಟಳು, ಪಾಪ, ಒಳ್ಳೆಯವಳು, ಕ್ರಮಸಂಖ್ಯೆಯನ್ನು ಮಾತ್ರ ತಪ್ಪಾಗಿ ಬರೆಯುತ್ತಾಳೆ. ಎಲ್ಲ ಪುಸ್ತಕಗಳೂ ಸುತ್ತಿ ಬಳಸಿ ಒಂದೇ ಕಡೆಗೆ ಬರುತ್ತವೆ: ತಾಯಿ. ತಾಯಿ ಇಲ್ಲದಿದ್ದರೆ ಸಾಕಿದವರು. ಆದ್ದರಿಂದ ನೇರವಾಗಿ ಕೇಳುತ್ತೇನೆ. ಅಮ್ಮನ ವಿಷಯ ಏನು ಹೇಳಿದೆ? ನನ್ನ ವಿಷಯ ಏನು ಹೇಳಿದೆ?

ಹೇಳುವುದಾದರೆ ಸರಿಯಾಗಿ ಹೇಳು. ಅಮ್ಮನ ಕೋಣೆಯ ಮುಂದೆ ನಿನ್ನನ್ನು ಸದ್ದು ಮಾಡಬೇಡ ಎಂದು ಗದರಿಸುತ್ತಿದ್ದದ್ದು ಹೌದು. ಯಾಕೆಂದರೆ ಸದ್ದಾದರೆ ಅವಳು ಅಳುತ್ತಿದ್ದಳು, ಅವಳು ಅತ್ತರೆ ಅಪ್ಪ ಮನೆಯಿಂದ ಎದ್ದು ಹೋಗುತ್ತಿದ್ದರು. ಅದಕ್ಕೊಂದು ಹೆಸರಿದೆ ಎಂದು ಆಗ ಯಾರೂ ನಮಗೆ ಹೇಳಲಿಲ್ಲ. ಪಕ್ಕದ ಮನೆಯವರು ಸೋಮಾರಿತನ ಎಂದರು. ನಿನ್ನನ್ನು ಹೊಡೆದದ್ದು ಒಂದೇ ಸಲ, ಅದೂ ನೀನು ನೋಡದೆ ರಸ್ತೆಗೆ ಓಡಿದ್ದಕ್ಕೆ. ಇಷ್ಟನ್ನು ಬಿಟ್ಟು ಬೇರೆ ಏನಾದರೂ ಅವಳು ಬರೆದುಕೊಂಡಿದ್ದರೆ ತಿದ್ದಿಸು.

ಅವಳಿಗೆ ಮದುವೆಯಾಗಿದೆಯೇ? ತಮ್ಮ ಇದ್ದಾನೆಯೇ?

ಅಕ್ಕ

———

ಫೆಬ್ರವರಿ ೧೬

ಅಕ್ಕಾ,

ನಿನ್ನ ಬಗ್ಗೆ ಏನೂ ಹೇಳಿಲ್ಲ. ನಿಜವಾಗಿ. ನಾವು ಹೆಚ್ಚಾಗಿ ಬ್ರೇಕಿನ ವಿಷಯ ಮಾತಾಡುತ್ತೇವೆ. ಅವರಿಗೆ ಮದುವೆಯಾಗಿದೆಯೋ ಇಲ್ಲವೋ ಗೊತ್ತಿಲ್ಲ, ಅವರ ವಿಷಯ ಅವರು ಹೇಳುವುದಿಲ್ಲ, ನಾನು ಕೇಳಿಲ್ಲ.

ಈಗ ಪ್ರಯಾಣಿಕನಾಗಿ ಆ ಮಾರುಕಟ್ಟೆಯ ರಸ್ತೆಯಲ್ಲಿ ಹೋಗುತ್ತಿದ್ದೇನೆ. ಮೊದಲ ದಿನ ರೇಡಿಯೊನ ತೋಳು ಹಿಡಿದುಕೊಂಡಿದ್ದೆ, ಅವನ ಅಂಗಿ ಮುದುಡಿಹೋಯಿತು. ಈಗ ಕಿಟಕಿಯ ಪಕ್ಕ ಒಬ್ಬನೇ ಕೂರುತ್ತೇನೆ.

ಹೋದ ವಾರ ಆ ಕೋಣೆಯಲ್ಲಿ ಅತ್ತುಬಿಟ್ಟೆ. "ಆ ಹುಡುಗಿಗೆ ತಾಗಿದ್ರೆ? ತಾಗಿದ್ರೆ?" ಎಂದು ಒಂದೇ ಮಾತನ್ನು ಹೇಳುತ್ತಿದ್ದೆನಂತೆ. ಅವರು, "ಅವತ್ತು ಬ್ರೇಕು ಒತ್ತಿದ್ದು ಯಾರು?" ಎಂದರು. "ನಾನೇ." ಅವರು ತಲೆಯಾಡಿಸಿದರು, ಮುಂದೆ ಏನೂ ಹೇಳಲಿಲ್ಲ. ಏನಾದರೂ ಹೇಳಿದ್ದರೆ ಅಷ್ಟು ಅಳುತ್ತಿರಲಿಲ್ಲವೇನೋ. ಹೊರಗೆ ಬಂದಾಗ ಮೈ ಹಗುರಾಗಿತ್ತು.

ಇನ್ನೂ ಪೂರ್ತಿ ಹೋಗಿಲ್ಲ. ಕೈ ನಡುಗುವುದುಂಟು. ಕೆಲವು ಬೆಳಿಗ್ಗೆ ಹಾಸಿಗೆಯಿಂದ ಏಳುವುದೇ ಬೇಡ ಅನಿಸುತ್ತದೆ. ಇಂಥ ದಿನಗಳು ಬಂದೇ ಬರುತ್ತವೆ, ಹಾಗೆಂದು ಹಿಂದಕ್ಕೆ ಹೋದ ಹಾಗಲ್ಲ ಎನ್ನುತ್ತಾರೆ ಮೇಡಂ. ಮಾರ್ಚ್ ಕೊನೆಗೆ ಡಿಪೋದವರ ಮುಂದೆ ಓಡಿಸಿ ತೋರಿಸುವ ಪರೀಕ್ಷೆ. ಅದರಲ್ಲಿ ಪಾಸಾದರೆ ನನ್ನ ರೂಟು ನನಗೆ. ಅಕ್ಕಾ, ಮತ್ತೆ ಆ ಸೀಟಿನಲ್ಲಿ ಕೂರಬೇಕು. ಬೇರೇನೂ ಬೇಡ ನನಗೆ.

ಮರಿ

———

ಫೆಬ್ರವರಿ ೨೦

ಮರೀ,

ಅಮ್ಮ ತೀರಿಕೊಂಡ ದಿನ ನೀನು ಅಳಲಿಲ್ಲ. ನನ್ನ ಪಕ್ಕದಲ್ಲೇ ನಿಂತಿದ್ದೆ, ಮುಖ ಕಲ್ಲಾಗಿತ್ತು. ಎಲ್ಲರೂ ಎಷ್ಟು ಗಟ್ಟಿ ಹುಡುಗ ಎಂದರು, ನಾನು ಹೆಮ್ಮೆಪಟ್ಟೆ. ಅಪ್ಪ ಹೋದಾಗಲೂ ಅಳಲಿಲ್ಲ.

ನಿನ್ನೆ ಮೊನ್ನೆ ಸಿಕ್ಕವಳ ಮುಂದೆ ಅತ್ತೆಯಂತೆ. ಹಗುರಾಯಿತಂತೆ.

ನನ್ನ ವಿಷಯ ಏನೂ ಹೇಳಿಲ್ಲ ಎಂದು ಬರೆದಿದ್ದೀಯ. ಒಂದು ಮಾತೂ ಇಲ್ಲವೇ? ಇಷ್ಟು ವಾರಗಳಲ್ಲಿ ನನಗೊಬ್ಬಳು ಅಕ್ಕ ಇದ್ದಾಳೆ ಎನ್ನುವಷ್ಟೂ ಇಲ್ಲವೇ?

ಕೈ ನಡುಗುತ್ತದೆ, ಬೆಳಿಗ್ಗೆ ಏಳಲಾಗುವುದಿಲ್ಲ, ಅಳು ಬೇರೆ. ಅವಳ ಹತ್ತಿರ ಹೋಗುವ ಮೊದಲು ಇದೆಲ್ಲ ಇತ್ತೇ? ಚೆನ್ನಾಗಿದ್ದವನನ್ನು ಕೆಡಿಸಿ ಇಟ್ಟಿದ್ದಾಳೆ. ಇದನ್ನು ಹೀಗೇ ಬಿಡುವವಳಲ್ಲ ನಾನು.

ಅಕ್ಕ

———

ಮಾರ್ಚ್ ೧೭

ಮರೀ,

ನಿನ್ನಿಂದ ಪತ್ರವಿಲ್ಲ. ಪರೀಕ್ಷೆಯ ತಯಾರಿಯಲ್ಲಿ ಇರಬೇಕು. ಇಲ್ಲಿ ನಮ್ಮ ಬೀದಿಯ ಕೊನೆಯ ದೀಪ ಮತ್ತೆ ಕೆಟ್ಟಿದೆ. ನಗರಸಭೆಗೆ ಬರೆದಿದ್ದೇನೆ. ಹಿಂದಿನ ಸಲ ಅದೇ ಕಂಬಕ್ಕೆ ಅವರು ಕೊಟ್ಟಿದ್ದ ಉತ್ತರವನ್ನೂ ಜೊತೆಗೆ ಲಗತ್ತಿಸಿದ್ದೇನೆ. ನಾಚಿಕೆಯಾದರೆ ಆಗಲಿ.

ನಿನ್ನ ಒಳ್ಳೆಯದಕ್ಕೆ ಇನ್ನೊಂದು ಕೆಲಸವನ್ನೂ ಮಾಡಿದ್ದೇನೆ. ಈಗ ಹೇಳುವುದಿಲ್ಲ, ಫಲ ಬಂದಮೇಲೆ ನಿನಗೇ ತಿಳಿಯುತ್ತದೆ. ಮೇಲಿನ ಕೋಣೆಗೆ ಹೊಸ ಪರದೆ ಹಾಕಿಸಿದೆ.

ಅವಳ ಹತ್ತಿರ ಇನ್ನೂ ಹೋಗುತ್ತಿದ್ದೀಯಾ?

ಅಕ್ಕ

———

ಏಪ್ರಿಲ್ ೨

ಅಕ್ಕನಿಗೆ,

ಫಲ ಬಂತು.

ಪರೀಕ್ಷೆಯ ದಿನ ಬಟ್ಟೆ ಇಸ್ತ್ರಿ ಮಾಡಿಕೊಂಡು ಹೋದೆ. ಬಸ್ಸಿನ ಹತ್ತಿರ ಬಿಡಲಿಲ್ಲ, ಡಿಪೋ ಮ್ಯಾನೇಜರು ಒಳಗೆ ಕರೆದರು. ಮೇಜಿನ ಮೇಲೆ ನಿನ್ನ ಅಕ್ಷರ. ದೂರದಿಂದಲೇ ಗುರುತು ಸಿಕ್ಕಿತು, ಆ ಉದ್ದ ಕೊಂಬು, ಆ ಅಡಿಗೆರೆ. ಅವರು ಓದಿದರು: "ಚಿಕಿತ್ಸೆ ಎಂಬ ಹೆಸರಿನಲ್ಲಿ ನನ್ನ ತಮ್ಮನನ್ನು ಹಾಳುಗೆಡವಲಾಗಿದೆ. ಅವನ ಕೈ ನಡುಗುತ್ತದೆ, ಬೆಳಿಗ್ಗೆ ಏಳಲಾಗುವುದಿಲ್ಲ, ಅಪರಿಚಿತರ ಮುಂದೆ ಅಳುತ್ತಾನೆ. ಇದನ್ನು ಅವನೇ ತನ್ನ ಕೈಯಾರೆ ನನಗೆ ಬರೆದಿದ್ದಾನೆ."

"ನಿಮ್ಮಕ್ಕಾನಾ?" ಎಂದರು.

"ಹೌದು ಸಾರ್."

"ಚೆನ್ನಾಗಿ ಬರೀತಾರೆ ಕಣಯ್ಯಾ. ಒಂದು ಕಡೆ ಚಿತ್ತಿಲ್ಲ. ನನಗೆ ಬಂದಿದ್ರೆ ಡ್ರಾಯರಲ್ಲಿ ಹಾಕ್ಬಿಡ್ತಿದ್ದೆ. ಹೆಡ್ಡಾಫೀಸಿಗೇ ಕಳಿಸಿದಾರೆ. ಕೈ ನಡುಗತ್ತೆ ಅಂತ ಬರವಣಿಗೆಯಲ್ಲಿ ಬಂದ್ಮೇಲೆ ನಿನ್ನ ಕೈಗೆ ಬಸ್ಸು ಹೇಗಯ್ಯಾ ಕೊಡ್ಲಿ? ನಾಳೆ ಏನಾದ್ರೂ ಆದ್ರೆ?"

ನೀನು ಕೇಳಿದ್ದು ಮೇಡಂ ಮೇಲೆ ವಿಚಾರಣೆ ನಡೆಸಿ, ಚಿಕಿತ್ಸೆ ನಿಲ್ಲಿಸಿ, ನನ್ನನ್ನು ರಜೆಯ ಮೇಲೆ ನಿನ್ನ ಮನೆಗೆ ಕಳಿಸಬೇಕೆಂದು. ಹೆಡ್ಡಾಫೀಸಿನವರು ಮೇಡಂ ಅವರನ್ನು ಕೇಳಿದರಂತೆ, ಇವನು ನಿಮ್ಮ ಹತ್ತಿರ ಏನೇನು ಹೇಳಿದ್ದಾನೆ ಎಂದು. ನನ್ನ ಒಪ್ಪಿಗೆಯಿಲ್ಲದೆ ಒಂದಕ್ಷರವನ್ನೂ ಹೇಳುವುದಿಲ್ಲ ಎಂದುಬಿಟ್ಟರಂತೆ. ಆಫೀಸಿಗೆ ನನ್ನ ವಿಷಯ ಗೊತ್ತಾದದ್ದೆಲ್ಲ ನಿನ್ನಿಂದ.

ಪರೀಕ್ಷೆ ರದ್ದು. ಮತ್ತೆ ಯಾವಾಗ ಎಂದು ಹೇಳಿಲ್ಲ. ಪ್ರಯಾಣಿಕರು ಬಸ್ಸಿನಲ್ಲಿ ಬಿಟ್ಟುಹೋದ ಸಾಮಾನುಗಳನ್ನು ಇಡುವ ಕೋಣೆಗೆ ಹಾಕಿದ್ದಾರೆ. ಕೊಡೆಗಳು, ಒಂಟಿ ಕೈಗವಸುಗಳು, ಯಾರದೋ ಹಲ್ಲಿನ ಸೆಟ್ಟು. ಅವುಗಳ ನಡುವೆ ಕೂತಿದ್ದೇನೆ. ಕಿಟಕಿಯಿಂದ ನನ್ನ ಬಸ್ಸು ಹೊರಡುವುದು ಕಾಣುತ್ತದೆ, ಬೇರೆಯವನು ಓಡಿಸುತ್ತಾನೆ.

ತಮ್ಮ

———

ಏಪ್ರಿಲ್ ೬

ಮರೀ,

ನಾನು ಬರೆದದ್ದು ಅವಳ ಮೇಲೆ, ನಿನ್ನ ಮೇಲಲ್ಲ. ಮನಸ್ಸಿಟ್ಟು ಓದುವ ಯಾರಿಗಾದರೂ ತಿಳಿಯುತ್ತದೆ. ನಿನ್ನ ಆಫೀಸಿನವರಿಗೆ ಓದಲು ಬರುವುದಿಲ್ಲ ಎಂದಾದರೆ ಅದು ನನ್ನ ತಪ್ಪೇ? ಅದರಲ್ಲಿ ಒಂದು ಸುಳ್ಳಿದೆಯೇ? ಇದ್ದರೆ ತೋರಿಸು.

ನಿನ್ನ ಪರೀಕ್ಷೆಯ ವಿಷಯ ನನ್ನ ತಲೆಯಲ್ಲಿ ಇತ್ತು. ಇಲ್ಲ ಎನ್ನುವುದಿಲ್ಲ. ಮೊದಲು ಆ ಹೆಂಗಸು ತೊಲಗಲಿ, ಆಮೇಲೆ ಪರೀಕ್ಷೆ ಇದ್ದೇ ಇರುತ್ತದೆ ಅಂದುಕೊಂಡೆ. ಈ ಮೇಲಿನವರ ಮೇಲೆ, ಅವರಿಗೂ ಮೇಲಿನವರಿಗೆ ಬರೆಯುತ್ತೇನೆ. ಚಿಕಿತ್ಸೆ ಪಡೆಯುತ್ತಿರುವ ಕೆಲಸಗಾರನನ್ನು ಹೀಗೆ ಮೂಲೆಗೆ ಕೂರಿಸುವುದಕ್ಕೆ ಯಾವ ಕಾನೂನಿದೆ? ಈ ಸಾರಿಗೆಯವರ ಬಂಡವಾಳ ನನಗೆ ಗೊತ್ತು. ಮೊದಲೊಮ್ಮೆ ಬೆನ್ನುನೋವಿನ ಡ್ರೈವರುಗಳನ್ನೆಲ್ಲ ಮನೆಗೆ ಕಳಿಸಿದ್ದವರು ಇವರೇ. ಪೇಪರಿನ ತುಣುಕು ನನ್ನ ಹತ್ತಿರ ಇದೆ.

"ತಮ್ಮ" ಎಂದು ಸಹಿ ಮಾಡಿದ್ದೀಯ. ನೋಡಿದೆ.

ಅಕ್ಕ

———

ಏಪ್ರಿಲ್ ೨೫

ಮರಿಗೆ,

ನೀನು ಉತ್ತರ ಬರೆಯಲಿಲ್ಲ. ಫೋನು ಮಾಡಿದೆ. ನಿನ್ನ ಹೆಂಡತಿ ಎತ್ತಿದಳು, ಏನೋ ಹೇಳಿದಳು, ನನಗೆ ಕೇಳಲಿಲ್ಲ, ಇನ್ನೊಮ್ಮೆ ಹೇಳು ಎನ್ನಲು ಧೈರ್ಯವಾಗಲಿಲ್ಲ.

ಮೇಲಿನವರಿಗೆ ಬರೆದ ಪತ್ರ ಸಿದ್ಧವಾಗಿದೆ. ನನ್ನ ಮೊದಲಿನ ದೂರನ್ನು ವಾಪಸು ತೆಗೆದುಕೊಳ್ಳುತ್ತೇನೆ, ನಿನಗೆ ಪರೀಕ್ಷೆ ಕೊಡಲಿ ಎಂದು ಬರೆದಿದ್ದೇನೆ. ಕಳಿಸಿಲ್ಲ. ಕಳಿಸಲೇ, ಬೇಡವೇ? ನೀನು ಹೇಳುವವರೆಗೆ ಅಂಚೆಗೆ ಹಾಕುವುದಿಲ್ಲ. ನಿನ್ನನ್ನು ಹೀಗೆ ಕೇಳಿದ್ದು ಯಾವತ್ತಾದರೂ ಇದೆಯೇ ಎಂದು ನೆನಪಿಸಿಕೊಂಡೆ. ನೆನಪಿಗೆ ಬರಲಿಲ್ಲ. ನನಗೇ!

ಅಕ್ಕ

———

ಮೇ ೯

ಅಕ್ಕನಿಗೆ,

ಕಳಿಸಬೇಡ. ಯಾರಿಗೂ ಏನನ್ನೂ ಕಳಿಸಬೇಡ. ಯೂನಿಯನ್ನಿನವರ ಮೂಲಕ ನಾನೇ ಕೇಳಿದ್ದೇನೆ, ಡಾಕ್ಟರ ಪತ್ರ ಕೊಟ್ಟಿದ್ದೇನೆ. ಜುಲೈಯಲ್ಲಿ ನೋಡೋಣ ಎಂದಿದ್ದಾರೆ.

ನೀನು ಕೇಳುತ್ತಿದ್ದೆಯಲ್ಲ, ಅವರ ಹತ್ತಿರ ನನ್ನ ವಿಷಯ ಏನು ಹೇಳಿದೆ ಎಂದು. ಈಗ ಹೇಳಿದ್ದೇನೆ. ಏಪ್ರಿಲ್ ಪೂರ್ತಿ ನಿನ್ನದೇ ಮಾತು. ಆ ಕೋಣೆಯಲ್ಲಿ ನಿನ್ನನ್ನು ಬೈದೆ. ದನಿ ಎತ್ತಿ ಬೈದೆ, ಕೆಳಗಿನ ಕನ್ನಡಕದ ಅಂಗಡಿಯವರಿಗೂ ಕೇಳಿಸಿರಬೇಕು. ಬೈದ ಮೇಲೆ ಬಾಗಿಲ ಕಡೆ ನೋಡಿದೆ, ನೀನು ನಿಂತಿದ್ದೀಯೇನೋ ಎಂದು. ಈ ವಯಸ್ಸಿನಲ್ಲಿ! ಮೇಡಂ, "ಅಕ್ಕಂಗೆ ಇದುವರೆಗೆ ಹೇಳದೆ ಉಳಿಸ್ಕೊಂಡಿದ್ದು ಏನಾದ್ರೂ ಇದ್ಯಾ?" ಎಂದರು. ನನ್ನ ಬಾಯಿಂದ ಬಂದದ್ದು ಕೇಳಿ ನನಗೇ ಆಶ್ಚರ್ಯ. "ನೋವಾಗ್ತಿರೋವಾಗ ಏನನ್ನೂ ಹೇಳೋದಿಲ್ಲ ಮೇಡಂ. ವಾಸಿ ಆದ್ಮೇಲೆ ಹೇಳ್ತೀನಿ" ಎಂದೆ.

ಮೂರನೇ ತರಗತಿಯಲ್ಲಿ ಲೆಕ್ಕದ ಮೇಷ್ಟ್ರೆಂದರೆ ಹೆದರಿಕೆ ಎಂದು ನಿನಗೆ ಹೇಳಿದೆ. ಮಾರನೆಯ ದಿನ ನೀನು ಶಾಲೆಗೆ ಬಂದು, ತರಗತಿಯ ಎಲ್ಲರ ಮುಂದೆ ಅವರನ್ನು ತರಾಟೆಗೆ ತೆಗೆದುಕೊಂಡೆ. ನಿನಗೂ ಆಗ ಇನ್ನೂ ಎರಡು ಜಡೆ. ಆಮೇಲೆ ಅವರು ನನ್ನನ್ನು ಹೊಡೆಯಲಿಲ್ಲ, ಮಾತೂ ಆಡಿಸಲಿಲ್ಲ, ವರ್ಷಪೂರ್ತಿ ನನ್ನ ಸ್ಲೇಟನ್ನೇ ನೋಡಲಿಲ್ಲ. ಹುಡುಗರು "ಅಕ್ಕನ್ ಸೆರಗು" ಎಂದು ಅಣಕಿಸುತ್ತಿದ್ದರು. ನಿನಗೆ ಒಂದು ಮಾತು ಕೊಟ್ಟರೆ ಮಾರನೆಯ ದಿನ ಅದು ಯಾರದಾದರೂ ಮೇಜಿನ ಮೇಲೆ ಇರುತ್ತದೆ ಅಕ್ಕಾ. ನೀನು ಪ್ರೀತಿಯಿಂದಲೇ ಇಡುತ್ತೀಯ. ಆದರೆ ಆಮೇಲೆ ಅದು ನನ್ನದಾಗಿರುವುದಿಲ್ಲ.

ಮೇಡಂ ನನ್ನ ಮಾತಿನಿಂದ ಏನೂ ಮಾಡುವುದಿಲ್ಲ. ಅದೇ ಅವರ ಕೆಲಸ. ನೀನು ಕೇಳಿಸಿಕೊಂಡದ್ದಕ್ಕಿಂತ ಹೆಚ್ಚೇನನ್ನೂ ಅವರು ಕೇಳಿಸಿಕೊಂಡಿಲ್ಲ. ಆದರೆ ನಾನು ಹೇಳಿ ಮುಗಿಸುವವರೆಗೆ ಎದ್ದು ಚಪ್ಪಲಿ ಹಾಕಿಕೊಳ್ಳುವುದಿಲ್ಲ.

ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಆ ಮೇಷ್ಟ್ರ ಪ್ರಸಂಗದ ನಂತರ, ನೋವಾಗುತ್ತಿರುವಾಗಲೇ ನಿನಗೆ ಹೇಳುತ್ತಿರುವುದು ಇದೇ ಮೊದಲು. ಏನೂ ಮಾಡಬೇಡ.

ತಮ್ಮ

———

ಮೇ ೧೪

ತಮ್ಮನಿಗೆ,

ಆ ಮೇಷ್ಟ್ರ ಪ್ರಸಂಗವನ್ನು ನಾನು ಎಷ್ಟು ಜನರ ಮುಂದೆ ಹೇಳಿಕೊಂಡು ಮೆರೆದಿದ್ದೇನೋ! ಸ್ಲೇಟಿನ ವಿಷಯ ನನಗೆ ಗೊತ್ತಿರಲಿಲ್ಲ. ನಿನ್ನ ವಿಷಯದಲ್ಲಿ ನನಗೆ ಗೊತ್ತಿಲ್ಲದ, ಇಷ್ಟು ಹಳೆಯ ಸಂಗತಿ ಇದೆ ಎಂದು ಅಂದುಕೊಂಡಿರಲಿಲ್ಲ.

ಏನೂ ಮಾಡಬೇಡ ಎಂದಿದ್ದೀಯ, ಮಾಡುತ್ತಿಲ್ಲ. ಕೈ ತುರಿಸುತ್ತದೆ. ನಿನ್ನ ಪತ್ರ ಬಂದ ದಿನವೇ ಆ ಮೇಷ್ಟ್ರು ಬದುಕಿದ್ದಾರೆಯೇ ಎಂದು ವಿಚಾರಿಸಲು ಹೊರಟಿದ್ದೆ. ನಿಜವಾಗಿ ಚಪ್ಪಲಿ ಹಾಕಿಕೊಂಡಿದ್ದೆ. ಬಿಚ್ಚಿದೆ.

ಒಂದು ಮಾತು ಹೇಳುತ್ತೇನೆ, ಇದಕ್ಕೆ ನೀನೂ ಏನೂ ಮಾಡಬೇಕಾಗಿಲ್ಲ. ನಾನು ಬರೆದ ದೂರಿನಲ್ಲಿ ಒಂದು ಸುಳ್ಳಿದ್ದರೆ ತೋರಿಸು ಎಂದು ಸವಾಲು ಹಾಕಿದ್ದೆ. ಇತ್ತು. ನಿನ್ನ ಆರೋಗ್ಯದ ಕಾಳಜಿಯಿಂದ ಬರೆಯುತ್ತಿದ್ದೇನೆ ಎಂದು ಮೊದಲ ಸಾಲಿನಲ್ಲೇ ಬರೆದಿದ್ದೆ. ಅಲ್ಲ. ನೀನು ಗುಣವಾಗುತ್ತಿದ್ದೀಯ ಎಂದು ನನಗೆ ಫೆಬ್ರವರಿಯಲ್ಲೇ ಗೊತ್ತಾಗಿತ್ತು. ಕಿಟಕಿಯ ಪಕ್ಕ ಒಬ್ಬನೇ ಕೂರುತ್ತೇನೆ ಎಂದು ಬರೆದಾಗಲೇ. ನನ್ನಿಂದಲ್ಲದೆ ಗುಣವಾಗುತ್ತಿದ್ದೀಯಲ್ಲ, ಅದನ್ನು ತಡೆದುಕೊಳ್ಳಲಾಗಲಿಲ್ಲ. ಹೊಟ್ಟೆಕಿಚ್ಚು. ಇಷ್ಟು ಪುಸ್ತಕ ಓದಿದವಳಿಗೆ ಇದಕ್ಕೆ ಬೇರೆ ಒಳ್ಳೆಯ ಪದ ಸಿಗಲಿಲ್ಲ.

ಈಗಲೂ ಇದೆ. ಅವಳು ಆಫೀಸಿನವರಿಗೆ ಬಾಯಿ ಬಿಡಲಿಲ್ಲ ಎಂದು ಓದಿದಾಗ ಮೆಚ್ಚಬೇಕಾಗಿತ್ತು. ಇನ್ನಷ್ಟು ಉರಿಯಿತು.

ಅಕ್ಕ

———

ಆಗಸ್ಟ್ ೨

ಅಕ್ಕಾ,

ಪಾಸಾದೆ. ಮ್ಯಾನೇಜರು ಪಕ್ಕದಲ್ಲಿ ಕೂತಿದ್ದರು, ಹಿಂದೆ ಇನ್ನೊಬ್ಬ ಅಧಿಕಾರಿ. ಮಾರುಕಟ್ಟೆಯ ಹತ್ತಿರ ಎದೆ ಡವಡವ ಶುರುವಾಯಿತು. "ಶುರುವಾಯ್ತು ಸಾರ್, ಸ್ವಲ್ಪ ಹೊತ್ತು ಇರತ್ತೆ, ಹೋಗತ್ತೆ" ಎಂದೆ. ಮ್ಯಾನೇಜರಿಗೆ ನನಗಿಂತ ಜಾಸ್ತಿ ಗಾಬರಿ, ಕಂಬಿಯನ್ನು ಹಿಡಿದುಕೊಂಡರು. ಬಸ್ಸು ಸರಾಗವಾಗಿ ದಾಟಿತು. ಆಚೆಗೆ ಹೋದಮೇಲೆ ಅವರು, "ಹೋಯ್ತೇನಯ್ಯಾ?" ಎಂದರು. "ನಂದು ಹೋಯ್ತು ಸಾರ್, ನಿಮ್ದು?" ಎಂದೆ. ಹಿಂದಿನ ಅಧಿಕಾರಿ ನಕ್ಕುಬಿಟ್ಟರು.

ನನ್ನ ರೂಟು ಸಿಕ್ಕಿತು. ರೇಡಿಯೊ ಮೊದಲ ದಿನ ಒಂದು ಮಾತೂ ಆಡದೆ ಟಿಕೆಟ್ ಕೊಟ್ಟ, ಪ್ರಯಾಣಿಕರು ಅವನಿಗೇನೋ ಕಾಯಿಲೆ ಬಂದಿದೆ ಅಂದುಕೊಂಡರು.

ಚಿಕಿತ್ಸೆಯೂ ಮುಗಿಯಿತು. ಹೋದ ವಾರ ಕೊನೆಯ ದಿನ. ಇನ್ನು ಬರಬೇಕಾಗಿಲ್ಲ, ನಿಮಗೆ ನೀವೇ ಮಾಡಿಕೊಳ್ಳುವುದು ಗೊತ್ತಾಗಿದೆ, ಮತ್ತೆ ಯಾವಾಗಲಾದರೂ ಬೇಕಾದರೆ ಬಾಗಿಲಿದೆ ಎಂದರು. ಬಾಗಿಲವರೆಗೆ ಬಂದು ಕೈಕುಲುಕಿದರು. ಮೆಟ್ಟಿಲಿಳಿಯುವಾಗ ಮುಂದಿನವರು ಮೇಲೆ ಹತ್ತುತ್ತಿದ್ದರು, ಒಬ್ಬ ವಯಸ್ಸಾದ ಹೆಂಗಸು, ಗೋಡೆ ಹಿಡಿದುಕೊಂಡು. ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.

ನಿನ್ನ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ. ಹೋದಾಗ ಹೇಳುತ್ತೇನೆ ಎಂದು ಬರೆಯಹೊರಟಿದ್ದೆ. ಇರುವಾಗಲೇ ಹೇಳುತ್ತಿದ್ದೇನೆ.

ಮರಿ

———

ಆಗಸ್ಟ್ ೭

ಮರಿಗೆ,

ಪಾಸಾದದ್ದಕ್ಕೆ ಸಂತೋಷ. ಪಕ್ಕದ ಮನೆಯವರಿಗೆ ಹೇಳಿ ಬಂದೆ. ಪಾಸಾದದ್ದನ್ನು ಮಾತ್ರ ಹೇಳಿದೆ, ಬೇರೇನನ್ನೂ ಅಲ್ಲ.

ಸಿಟ್ಟು ಇರಲಿ. ಅದು ನಿನ್ನದು.

ನಿನ್ನ ಪತ್ರದಲ್ಲಿ ಒಂದು ಕಡೆ ನಿಂತುಬಿಟ್ಟೆ. ಇನ್ನು ಬರಬೇಕಾಗಿಲ್ಲ ಎಂದಳು, ಕೈಕುಲುಕಿದಳು, ಅಷ್ಟೇ ಎಂದಿದ್ದೀಯ. ಆಗಾಗ ಒಂದು ಸಾಲು ಬರೆಯುತ್ತಿರು ಎನ್ನಲಿಲ್ಲವೇ? ಹೇಗೆ ಓಡಿಸುತ್ತಿದ್ದೀಯ ಎಂದು ತಿಳಿಸು ಎನ್ನಲಿಲ್ಲವೇ? ಇಷ್ಟು ತಿಂಗಳು ನಿನ್ನ ಅಳು, ನಿನ್ನ ಕಾಲು, ಬಸ್ಸಿಗೆ ಅಡ್ಡ ಬಂದ ಆ ಹುಡುಗಿ, ನಿನ್ನ ಅಕ್ಕ, ಎಲ್ಲವನ್ನೂ ಕೇಳಿಸಿಕೊಂಡವಳು, ನೀನು ಮೆಟ್ಟಿಲಿಳಿದು ಹೋಗುವುದನ್ನು ಕಿಟಕಿಯಿಂದ ನೋಡುವುದೂ ಇಲ್ಲದೆ ಮುಂದಿನವರಿಗೆ ಬಾಗಿಲು ತೆರೆದಳೇ?

ಇಷ್ಟು ದಿನ ಅವಳನ್ನು ಕಳ್ಳಿ ಎಂದುಕೊಂಡಿದ್ದೆ. ನಿನ್ನನ್ನು ಎತ್ತಿಕೊಂಡು ಹೋಗುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ನೀನು ಬೇಕಾಗಿಯೇ ಇರಲಿಲ್ಲ. ನೀನು ನಿನ್ನ ಬಸ್ಸಿಗೆ ವಾಪಸು ಹೋಗುವುದು ಬೇಕಾಗಿತ್ತು. ಅದು ಹೇಗೆ ಸಾಧ್ಯ ಎಂದು ಮೂರು ದಿನದಿಂದ ಯೋಚಿಸುತ್ತಿದ್ದೇನೆ. ನನಗೆ ಸಾಧ್ಯವಿಲ್ಲ. ಇನ್ನು ಮೇಲೆ ಸಾಧ್ಯವಾಗುತ್ತದೆ ಎಂದು ಸುಳ್ಳು ಹೇಳುವುದಿಲ್ಲ. ನೀನು ಬರುವುದಾದರೆ ಕಿಟಕಿಯ ಹತ್ತಿರವೇ ನಿಂತಿರುತ್ತೇನೆ, ಹೋಗುವಾಗಲೂ ತಿರುವಿನವರೆಗೆ ನೋಡುತ್ತೇನೆ.

ಆದರೆ ಒಂದು ಮಾತು ಬರೆಯಬಲ್ಲೆ. ಈ ಪತ್ರಕ್ಕೆ ನೀನು ಉತ್ತರ ಬರೆಯಲೇಬೇಕೆಂದಿಲ್ಲ.

ಈ ಒಂದು ಸಾಲು ಬರೆಯುವುದಕ್ಕೆ ಬೆಳಿಗ್ಗೆ ಕೂತವಳು ಸಂಜೆ ಮಾಡಿದ್ದೇನೆ.

ಅಕ್ಕ